ಏರಿನಲ್ಲಿ ಎಳೆಯಬೇಕಾದ ಎಂಜಿನ್‌ಗೆ ಯಾವ ಕ್ಯಾಮ್?

ಪ್ರಶ್ನೆ: ನನ್ನ ಹಳೆಯ ಪಿಕಪ್ ಟ್ರಕ್ಕಿನಲ್ಲಿ 5.7 ಲೀಟರ್‌ನ ಪೆಟ್ರೋಲ್ ವಿ8 ಎಂಜಿನ್ ಇದೆ. ಕಂಪ್ರೆಷನ್ ಅನುಪಾತ 8.5. ಟ್ರೈಲರ್ ಕಟ್ಟಿಕೊಂಡು ಏರು ಹತ್ತುವಾಗ 1500ರಿಂದ 2500 ಆರ್‌ಪಿಎಂ ನಡುವೆ ಎಳೆತ ಸಾಲದು. ಎಂಜಿನ್ ಹೇಗೂ ಬಿಚ್ಚಿದ್ದೇನೆ. ಹೆಚ್ಚು ಅಶ್ವಶಕ್ತಿ ಕೊಡುತ್ತದೆಂದು ಹೇಳುವ 230 ಡಿಗ್ರಿಯ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆದು ಮುಚ್ಚುವ ದಂಡ; ಕ್ರ್ಯಾಂಕ್ 230 ಡಿಗ್ರಿ ತಿರುಗುವವರೆಗೆ ವಾಲ್ವ್ ತೆರೆದಿಡುವಂಥದ್ದು) ಹಾಕಿಸಲೇ?

ಉತ್ತರ: ದಯವಿಟ್ಟು ಬೇಡ. ಆ ಅಶ್ವಶಕ್ತಿ ಸಿಗುವುದು ಎಂಜಿನ್ 5000 ಆರ್‌ಪಿಎಂ ದಾಟಿದ ಮೇಲೆ. ಟ್ರೈಲರ್ ಎಳೆಯುವ ನೀವು ಅಲ್ಲಿಗೆ ಹೋಗುವುದೇ ಅಪರೂಪ.

ಕ್ಯಾಮ್ ಆರಿಸುವಾಗ ನಾನು ಮೊದಲು ನೋಡುವ ಅಂಕಿ ಒಂದೇ: ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ಯಾವಾಗ ಮುಚ್ಚುತ್ತದೆ? ಪಿಸ್ಟನ್ ತಳ ಮುಟ್ಟಿ ಮೇಲೇರಲು ತೊಡಗಿದ ಮೇಲೂ ಈ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ವೇಗ ಹೆಚ್ಚಿದ್ದಾಗ ಒಳನುಗ್ಗುವ ಗಾಳಿಗೆ ತನ್ನದೇ ರಭಸವಿರುವುದರಿಂದ ಅದು ಲಾಭ. ನಿಧಾನವಾಗಿ ತಿರುಗುವ ಎಂಜಿನ್‌ನಲ್ಲಿ ಆ ರಭಸವಿಲ್ಲ. ಎಳೆದುಕೊಂಡ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಪಿಸ್ಟನ್ ತಾನೇ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹಿಂದಕ್ಕೆ ತಳ್ಳುತ್ತದೆ. ಸಿಲಿಂಡರ್ ಅರೆಬರೆ ತುಂಬಿದರೆ ಟಾರ್ಕ್ (ತಿರುಗಿಸುವ ಬಲ) ಎಲ್ಲಿಂದ ಬರಬೇಕು? ನಿಮ್ಮ ಎಂಜಿನ್ ಮಿಶ್ರಣವನ್ನು ಒತ್ತುವುದೇ ಕಡಿಮೆ (ಅನುಪಾತ 8.5), ಹಾಗಾಗಿ ಈ ನಷ್ಟ ಇನ್ನೂ ಹೆಚ್ಚು ಕಾಡುತ್ತದೆ.

ಲೆಕ್ಕ ಹಾಕಿ ನೋಡೋಣ. 230 ಡಿಗ್ರಿಯದನ್ನು 200 ಡಿಗ್ರಿಯದಕ್ಕೆ ಹೋಲಿಸೋಣ; ಎರಡೂ ಕ್ಯಾಮ್‌ಗಳ ಇನ್‌ಟೇಕ್ ಮಧ್ಯರೇಖೆ (ಪಿಸ್ಟನ್ ತುದಿ ಬಿಟ್ಟು ಎಷ್ಟು ಡಿಗ್ರಿಗೆ ವಾಲ್ವ್ ಪೂರ್ತಿ ತೆರೆಯುತ್ತದೆ ಎಂಬ ಅಂಕಿ) 106 ಡಿಗ್ರಿ ಎಂದುಕೊಳ್ಳಿ. ಲಿಫ್ಟರ್ (ಕ್ಯಾಮ್ ಮೇಲೆ ಕೂತು ವಾಲ್ವ್ ಎತ್ತುವ ಭಾಗ) 0.050 ಇಂಚು ಎದ್ದಾಗ ಅಳೆದರೆ, 230 ಡಿಗ್ರಿಯ ಕ್ಯಾಮ್‌ನಲ್ಲಿ ವಾಲ್ವ್ ಮುಚ್ಚುವುದು ಪಿಸ್ಟನ್ ತಳ ಬಿಟ್ಟು 41 ಡಿಗ್ರಿ ಆದ ಮೇಲೆ. 200 ಡಿಗ್ರಿಯದರಲ್ಲಿ 26ಕ್ಕೇ. ಈ 15 ಡಿಗ್ರಿಯಲ್ಲಿಯೇ ನಿಮಗೆ ಬೇಕಾದ ಎಳೆತ ಅಡಗಿದೆ.

ಆದ್ದರಿಂದ 0.050 ಇಂಚಿನ ಅಳತೆಯಲ್ಲಿ ಇನ್‌ಟೇಕ್ ಡ್ಯುರೇಷನ್ (ವಾಲ್ವ್ ತೆರೆದಿರುವ ಅವಧಿ) 195ರಿಂದ 205 ಡಿಗ್ರಿಯೊಳಗೆ, ಲೋಬ್‌ಗಳ (ವಾಲ್ವ್ ತೆರೆಸುವ ಉಬ್ಬುಗಳ) ನಡುವಿನ ಕೋನ 110ರಿಂದ 112 ಇರುವ ಕ್ಯಾಮ್ ಹುಡುಕಿ. ಅದನ್ನು ಸುಮಾರು 4 ಡಿಗ್ರಿ ಮುಂದಕ್ಕೆ ಕೂರಿಸಿದರೆ ವಾಲ್ವ್ ಇನ್ನಷ್ಟು ಬೇಗ ಮುಚ್ಚುತ್ತದೆ. ಅನೇಕ ಕ್ಯಾಮ್‌ಗಳಲ್ಲಿ ಈ 4 ಡಿಗ್ರಿಯನ್ನು ತಯಾರಿಸುವಾಗಲೇ ಸೇರಿಸಿರುತ್ತಾರೆ. ಜೊತೆಗಿರುವ ಕಾರ್ಡ್ ಓದದೆ ಮತ್ತೆ ಮುಂದಕ್ಕೆ ತಿರುಗಿಸಬೇಡಿ. ಜಾಹೀರಾತಿನ ಡ್ಯುರೇಷನ್ ಬೇರೆಯೇ ಅಳತೆ, ಸಾಮಾನ್ಯವಾಗಿ 45–50 ಡಿಗ್ರಿ ಹೆಚ್ಚಿರುತ್ತದೆ. ಎರಡು ಕ್ಯಾಮ್‌ಗಳನ್ನು ಹೋಲಿಸುವಾಗ 0.050ರ ಅಂಕಿಯನ್ನಷ್ಟೇ ನಂಬಿ.

ಲಿಫ್ಟ್ (ವಾಲ್ವ್ ಏಳುವ ಎತ್ತರ) ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದೇ, ಸ್ಪ್ರಿಂಗ್‌ಗಳು ಅದಕ್ಕೆ ಹೊಂದಬೇಕು. ಓವರ್‌ಲ್ಯಾಪ್ (ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್‌ಗಳೆರಡೂ ಒಟ್ಟಿಗೆ ತೆರೆದಿರುವ ಹೊತ್ತು) ಕಡಿಮೆಯಿರುವ ಕ್ಯಾಮ್‌ನಲ್ಲಿ ಐಡಲ್ ನಯವಾಗಿರುತ್ತದೆ, ಬ್ರೇಕ್ ಬೂಸ್ಟರಿಗೆ ಸಾಕಷ್ಟು ನಿರ್ವಾತವೂ ಸಿಗುತ್ತದೆ. ಭಾರ ಹೊತ್ತ ಗಾಡಿಗೆ ಇದು ಸಣ್ಣ ಮಾತಲ್ಲ.

ನಿಮ್ಮದು ರೋಲರ್ ಅಲ್ಲದ ಫ್ಲಾಟ್ ಟ್ಯಾಪೆಟ್ (ಲಿಫ್ಟರ್ ತಳ ಕ್ಯಾಮ್ ಮೇಲೆ ನೇರವಾಗಿ ಉಜ್ಜುವ) ಎಂಜಿನ್ ಆಗಿದ್ದರೆ ಹೊಸ ಕ್ಯಾಮ್‌ಗೆ ಹೊಸ ಲಿಫ್ಟರ್‌ಗಳನ್ನೇ ಹಾಕಿ. ಸತು ಹೆಚ್ಚಿರುವ ಬ್ರೇಕ್-ಇನ್ ಆಯಿಲ್ ಬಳಸಿ. ಮೊದಲ ಸಲ ಸ್ಟಾರ್ಟ್ ಆದ ಕೂಡಲೇ ಐಡಲ್‌ಗೆ ಬಿಡದೆ, 2000–2500 ಆರ್‌ಪಿಎಂನಲ್ಲಿ ವೇಗವನ್ನು ಆಗಾಗ ಏರಿಳಿಸುತ್ತ 20 ನಿಮಿಷ ಓಡಿಸಿ. ಲೋಬ್‌ಗಳಿಗೆ ಎಣ್ಣೆ ಬಹುಪಾಲು ಸಿಗುವುದು ಕ್ರ್ಯಾಂಕ್ ಎರಚಿದಾಗಲೇ. ಐಡಲ್‌ನಲ್ಲಿ ಆ ಎರಚಾಟ ಸಾಲದು, ಹೊಸ ಲೋಬ್ ಅಲ್ಲಿಯೇ ಸವೆದುಹೋಗುತ್ತದೆ.