ಕೆರೆಯಲ್ಲಿ ಸ್ಪಿನ್ನರ್‌ಗೆ ಮೀನು ಯಾಕೆ ಕಚ್ಚುತ್ತಿಲ್ಲ? ಯಾವ ಬ್ಲೇಡ್, ಯಾವ ಸೈಜ್ ಹಾಕಬೇಕು?

ಸ್ಪಿನ್ನರ್ ಅಂದರೆ ಗಾಳದ ದಾರಕ್ಕೆ ಕಟ್ಟುವ ಕೃತಕ ಆಮಿಷ; ಎಳೆದಾಗ ಅದರ ಬ್ಲೇಡ್, ಅಂದರೆ ಸಣ್ಣ ತಗಡು, ತಂತಿಯ ಸುತ್ತ ತಿರುಗುತ್ತೆ. ನೀವು ಕೇಳಿರುವುದು ಮೂರು ಸಂಗತಿ. ಆನ್‌ಲೈನ್‌ನಲ್ಲಿ ತರಿಸಿದ ಬಗೆಬಗೆಯ ಸ್ಪಿನ್ನರ್ ಡಬ್ಬಿಯಲ್ಲಿ ದಾವಣಗೆರೆ ಸುತ್ತಿನ ಕೆರೆಗಳಿಗೆ ಯಾವುದು ಆಗುತ್ತೆ, ದಾರ ಯಾಕೆ ಹುರಿಗಟ್ಟುತ್ತೆ, ಎಷ್ಟು ಎಸೆದರೂ ಒಂದೂ ಮೀನು ಯಾಕೆ ಮುಟ್ಟಿಲ್ಲ. ಕೊನೆಯದರಿಂದ ಶುರು ಮಾಡ್ತೀನಿ, ಯಾಕಂದ್ರೆ ತಪ್ಪು ಸ್ಪಿನ್ನರ್‌ನದ್ದೇ ಆಗಿರಬೇಕಿಲ್ಲ.

ನಮ್ಮ ಕಡೆ ಕೆರೆಗಳಿಗೆ ಬಿಡುವ ಮರಿ ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಇವು ಬೇಟೆಯಾಡುವ ಮೀನಲ್ಲ. ಕಾಟ್ಲಾ ಮೇಲ್ನೀರಿನ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತೆ, ಮೃಗಾಲ್ ತಳದ ಕೆಸರು ಕೆದಕುತ್ತೆ. ಅವುಗಳ ಮುಂದೆ ದಿನವಿಡೀ ತಗಡು ತಿರುಗಿಸಿದರೂ ಕ್ಯಾರೇ ಅನ್ನಲ್ಲ, ಅವಕ್ಕೆ ಹಿಟ್ಟಿನ ಉಂಡೆಯೇ ಸರಿ. ಸ್ಪಿನ್ನರ್‌ಗೆ ಬೀಳುವುದು ಕೊರವ, ಅಂದರೆ ಮುರ್ರೆಲ್, ಆಮೇಲೆ ಬಾಳೆಮೀನು. ಸಣ್ಣ ಸೈಜಿಗೆ ಜಿಲೇಬಿ ಮೀನೂ (ತಿಲಾಪಿಯಾ) ಒಮ್ಮೊಮ್ಮೆ ಬಾಯಿ ಹಾಕುತ್ತೆ. ಕೊರವ ಇದೆಯೋ ಇಲ್ಲವೋ ತಿಳಿಯಲು ಬೆಳಗಿನ ಜಾವ ಏರಿಯ ಮೇಲೆ ಹತ್ತು ನಿಮಿಷ ಸುಮ್ಮನೆ ಕೂರಿ. ಅದಕ್ಕೆ ಕಿವಿರಷ್ಟೇ ಸಾಲದು, ಗಾಳಿ ನುಂಗಲು ಆಗಾಗ ಮೇಲೆ ಬರಲೇಬೇಕು. ಜೊಂಡಿನ ಅಂಚಲ್ಲಿ ‘ಗುಳುಕ್’ ಅಂತ ಸದ್ದಾಗಿ ಒಂದು ಸುತ್ತು ಅಲೆ ಎದ್ದರೆ ಅನುಮಾನ ಬೇಡ.

ಈಗ ಬ್ಲೇಡ್. ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಆಕಾರ ಇರುತ್ತೆ. ದುಂಡನೆಯದು ಕೊಲೊರಾಡೊ, ಬೇವಿನ ಎಲೆಯಂತೆ ಸಪೂರ ಇರುವುದು ವಿಲ್ಲೋ, ನಡುವಿನದು ನೀರ ಹನಿಯ ಆಕಾರದ್ದು. ದುಂಡನೆಯದು ತಂತಿಯಿಂದ ದೂರ ಅಗಲಿಸಿ ತಿರುಗುತ್ತೆ. ಹಾಗಾಗಿ ನೀರನ್ನು ಜೋರಾಗಿ ಬಡಿಯುತ್ತೆ, ನಿಧಾನಕ್ಕೆ ಎಳೆದರೂ ನಿಲ್ಲಲ್ಲ, ಮೇಲ್ಮಟ್ಟದಲ್ಲೇ ತೇಲಿಕೊಂಡು ಬರುತ್ತೆ. ಸಪೂರದ್ದು ತಂತಿಗೆ ಒತ್ತಿಕೊಂಡು ತಿರುಗುತ್ತೆ, ಬಡಿತ ಕಡಿಮೆ, ಆಳಕ್ಕಿಳಿಯುತ್ತೆ, ಆದರೆ ಬೇಗ ಎಳೆಯಬೇಕು. ಎರೆ ಮಣ್ಣಿನ ಸೀಮೆಯಲ್ಲಿ ಮಳೆ ನೀರು ಬಂದ ಮೇಲೆ ಕೆರೆ ಚಹಾದ ಬಣ್ಣಕ್ಕೆ ತಿರುಗುತ್ತಲ್ಲ, ಆಗ ಮೀನು ಕಣ್ಣಿಗಿಂತ ಹೆಚ್ಚಾಗಿ ಪಕ್ಕೆಯುದ್ದಕ್ಕೂ ಇರುವ ಗೆರೆಯಿಂದ ಕಂಪನ ಹಿಡಿದು ಬರುತ್ತೆ. ಅಂಥ ನೀರಿಗೆ ದುಂಡನೆಯ ಬ್ಲೇಡ್, ಚಿನ್ನದ ಇಲ್ಲವೇ ತಾಮ್ರದ ಬಣ್ಣ. ತಿಳಿನೀರಿಗೆ ಬೆಳ್ಳಿ ಬಣ್ಣದ್ದು, ಒಂದು ಸೈಜ್ ಸಣ್ಣದು. ಒಂದೇ ಒಂದು ಆರಿಸು ಅಂದರೆ ನಾನು ಎತ್ತಿಕೊಳ್ಳುವುದು ಹನಿ ಆಕಾರದ 3ನೇ ನಂಬರ್, ತಾಮ್ರದ ಬಣ್ಣದ್ದು. ಕೊಕ್ಕೆಯ ಮೇಲಿನ ಪುಕ್ಕ, ಕೆಂಪು ಮಣಿ ಇವೆಲ್ಲ ಅಂಗಡಿಗೆ ಬಂದವರನ್ನು ಹಿಡಿಯಲು ಅನ್ನುವುದು ನನ್ನ ಲೆಕ್ಕ.

ನಂಬರ್ ಎಲ್ಲಾ ಕಂಪನಿಗೂ ಒಂದೇ ಅಲ್ಲ, ತೂಕ ನೋಡಿ. ಮೆಪ್ಸ್ ಕಂಪನಿಯ ಅಗ್ಲಿಯಾ ಸ್ಪಿನ್ನರ್ ಲೆಕ್ಕದಲ್ಲಿ 1ನೇ ನಂಬರ್ 3.5 ಗ್ರಾಂ, 2 ಅಂದರೆ 4.5, 3 ಅಂದರೆ 6.5, 4 ಅಂದರೆ 9 ಗ್ರಾಂ. ಊರ ಕೆರೆಗೆ 4ರಿಂದ 9 ಗ್ರಾಂ ಸಾಕು. ಸೂಳೆಕೆರೆಯಂಥ ವಿಶಾಲ ನೀರಲ್ಲಿ ಆಷಾಢದ ಗಾಳಿಗೆ ಎದುರಾಗಿ ಎಸೆಯಬೇಕಾದರೆ ಮಾತ್ರ 10–13 ಗ್ರಾಂ. ಆರೂವರೆಯಿಂದ ಏಳು ಅಡಿ ರಾಡ್, 2500 ಸೈಜಿನ ರೀಲ್ ಇದಕ್ಕೆ ಹೊಂದುತ್ತೆ.

ಎಸೆಯುವ ಮುಂಚೆ ಪ್ರತಿ ಸ್ಪಿನ್ನರನ್ನೂ ಕಾಲ ಬುಡದ ನೀರಲ್ಲಿ ಎರಡು ಅಡಿ ಎಳೆದು ನೋಡಿ. ಅಗ್ಗದ ಡಬ್ಬಿಯಲ್ಲಿ ಕೆಲವು ತಿರುಗುವುದೇ ಇಲ್ಲ. ಬ್ಲೇಡನ್ನು ತಂತಿಗೆ ಹಿಡಿದಿರುವ ಯು ಆಕಾರದ ಸಣ್ಣ ತುಂಡು ಇದೆಯಲ್ಲ, ಕ್ಲೆವಿಸ್ ಅಂತಾರೆ, ದೋಷ ಸಾಮಾನ್ಯವಾಗಿ ಅಲ್ಲೇ. ಅದು ಅಮುಕಿ ಹೋಗಿದ್ದರೆ ಬ್ಲೇಡ್ ತಡೆಯುತ್ತೆ, ಇಕ್ಕಳದ ತುದಿಯಿಂದ ಕೂದಲೆಳೆಯಷ್ಟು ಅಗಲಿಸಿ. ಬ್ಲೇಡಿನ ಗುಳಿಯ ಬದಿ ತಂತಿಯ ಕಡೆಗಿರಬೇಕು, ಉಬ್ಬು ಹೊರಗೆ. ತಂತಿ ಬಾಗಿದ್ದರೆ ಬ್ಲೇಡಿನ ಬದಲು ಇಡೀ ಸ್ಪಿನ್ನರೇ ತಿರುಗುತ್ತೆ.

ದಾರ ಹುರಿಗಟ್ಟುವುದು ಮುಖ್ಯವಾಗಿ ಇದರಿಂದಲೇ. ಸ್ಪಿನ್ನರ್‌ನಿಂದ ಒಂದೂವರೆ ಅಡಿ ಮೇಲೆ ಬಾಲ್ ಬೇರಿಂಗ್ ಇರುವ ಸ್ವಿವೆಲ್, ಅಂದರೆ ದಾರಕ್ಕೆ ಹುರಿ ಏರದಂತೆ ತಾನೇ ತಿರುಗುವ ಕೊಂಡಿ, ಕಟ್ಟಿ. ಹತ್ತಿಪ್ಪತ್ತು ರೂಪಾಯಿ ಪೊಟ್ಟಣದ ಹಿತ್ತಾಳೆ ಸ್ವಿವೆಲ್ ಭಾರ ಬಿದ್ದಾಗ ತಿರುಗಲ್ಲ, ಹೆಸರಿಗಷ್ಟೇ. ಸ್ವಿವೆಲ್‌ನಿಂದ ಕೆಳಗೆ 0.40 ಮಿ.ಮೀ. ಮಾನೋ (ಒಂದೇ ಎಳೆಯ) ದಾರ ಇರಲಿ, ಕೊರವದ ಹಲ್ಲಿಗೆ ಅಷ್ಟು ಬೇಕು. ಎರಡನೇ ಕಾರಣ ಯಾರೂ ಹೇಳಲ್ಲ: ಮೀನು ದಾರ ಎಳೆದುಕೊಂಡು ಓಡುವಾಗ, ಡ್ರ್ಯಾಗ್ (ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ರೀಲಿನ ಬಿಗಿತ) ಜಾರುತ್ತಿರುವಾಗಲೂ ಹಿಡಿಕೆ ತಿರುವುತ್ತಾ ಇರುವುದು. 5:1 ಗೇರಿನ ರೀಲ್ ಆದರೆ ಹಿಡಿಕೆಯ ಒಂದು ಸುತ್ತಿಗೆ ದಾರಕ್ಕೆ ಐದು ಹುರಿ ಏರುತ್ತೆ. ಮೀನು ಓಡಿದರೆ ಕೈ ನಿಲ್ಲಿಸಿ. ಈಗಾಗಲೇ ಹುರಿ ಏರಿದ್ದರೆ ತುದಿಯಲ್ಲಿರುವುದನ್ನೆಲ್ಲ ಬಿಚ್ಚಿ, ಬಯಲಲ್ಲಿ ಐವತ್ತು ಮೀಟರ್ ದಾರ ಹಾಸಿ, ಬೆರಳ ನಡುವೆ ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿಕೊಳ್ಳಿ. ಖಾಲಿ ತುದಿ ತಾನೇ ತಿರುಗಿ ಹುರಿ ಬಿಚ್ಚಿಕೊಳ್ಳುತ್ತೆ.

ಎಳೆಯುವ ವಿಚಾರಕ್ಕೆ ಬಂದರೆ, ಹೊಸಬರು ಮಾಡುವ ತಪ್ಪು ಒಂದೇ, ಅವಸರ. ಮೀನು ಎದ್ದ ಜಾಗದ ಮೇಲೇ ಎಸೆಯಬೇಡಿ, ಎರಡು ಮೂರು ಮೀಟರ್ ಆಚೆಗೆ ಎಸೆದು ಅದರ ಮುಂದೆ ಹಾಯಿಸಿ. ಸ್ಪಿನ್ನರ್ ನೀರಿಗೆ ಬಿದ್ದ ತಕ್ಷಣ ರೀಲಿನ ಕಂಬಿ ಮುಚ್ಚಿ ರಾಡಿನ ತುದಿಯನ್ನು ಒಮ್ಮೆ ಚುರುಕಾಗಿ ಜಗ್ಗಿ. ಆ ಜಗ್ಗಿಗೇ ಬ್ಲೇಡ್ ತಿರುಗಲು ಶುರುವಾಗುವುದು, ಇಲ್ಲದಿದ್ದರೆ ಅರ್ಧ ದೂರ ಸತ್ತ ತಗಡಿನಂತೆ ಬರುತ್ತೆ. ಆಮೇಲೆ ವೇಗ ಇಳಿಸುತ್ತಾ ಹೋಗಿ. ರಾಡಿನ ಹಿಡಿಯಲ್ಲಿ ದುಂಬಿ ಗುಂಯ್‌ಗುಟ್ಟಿದಂಥ ನಡುಕ ಕೈಗೆ ತಿಳಿಯಬೇಕು. ಆ ನಡುಕ ನಿಲ್ಲುವ ಸ್ವಲ್ಪ ಮೊದಲಿನ ವೇಗವೇ ಸರಿಯಾದ ವೇಗ. ಆಳದಲ್ಲಿ ಬೇಕಾದರೆ ಬಿದ್ದ ಮೇಲೆ ಎಣಿಸಿ: ಮೊದಲ ಸಲ ಮೂರು, ಆಮೇಲೆ ಐದು, ಏಳು. ತಳಕ್ಕೆ ತಾಗಿದ ಎಣಿಕೆಗಿಂತ ಒಂದು ಕಡಿಮೆಗೆ ಎಳೆಯಲು ಶುರು ಮಾಡಿ. ನಡುಕ ಇದ್ದಕ್ಕಿದ್ದಂತೆ ನಿಂತರೆ ಒಂದೋ ಪಾಚಿ, ಇಲ್ಲವೇ ಮೀನು. ಎರಡಕ್ಕೂ ಒಮ್ಮೆ ಎಳೆದು ನೋಡುವುದರಲ್ಲಿ ನಷ್ಟವಿಲ್ಲ.

ಅಂತರಗಂಗೆ, ತಾವರೆ ತುಂಬಿದ ಕೆರೆಗೆ ಸ್ಪಿನ್ನರ್ ತಕ್ಕ ಸಾಧನವೇ ಅಲ್ಲ, ಅಲ್ಲಿ ರಬ್ಬರ್ ಕಪ್ಪೆ ಹಾಕಿ. ಚೂರು ಪಾರು ಪಾಚಿ ಇದ್ದರೆ ಮೂರು ಕವಲಿನ ಕೊಕ್ಕೆಯನ್ನು ಬಿಚ್ಚಿ ಅದೇ ಅಳತೆಯ ಒಂಟಿ ಕೊಕ್ಕೆ ಹಾಕಿದರೆ ಅರ್ಧ ತಲೆನೋವು ಹೋಗುತ್ತೆ. ಕೊಕ್ಕೆಯ ತುದಿ ಬಳಿಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಅಮುಕಿಬಿಡಿ, ಮೀನಿನ ಬಾಯಿಂದಲೂ ನಿಮ್ಮ ಬೆರಳಿಂದಲೂ ಸಲೀಸಾಗಿ ಬರುತ್ತೆ. ಕೆರೆ ಅಂಗಳದಲ್ಲಿ ಬೆಳೆದ ಬಳ್ಳಾರಿ ಜಾಲಿ ನೀರು ತುಂಬಿದಾಗ ಮುಳುಗಿರುತ್ತೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿತ್ತಲ್ಲ, ಅಷ್ಟು ಕಾಲ ಒಣಗಿದ್ದ ದಡದಲ್ಲಿ ಗಿಡಗಂಟಿ ಎಷ್ಟು ಮುಳುಗಿರಬೇಡ! ಬೇಸಿಗೆಯಲ್ಲಿ ಅಂಗಳ ಒಮ್ಮೆ ನಡೆದು ಜಾಲಿ ಎಲ್ಲಿದೆ, ತೂಬಿನ ಗುಂಡಿ ಎಲ್ಲಿದೆ ನೋಡಿಟ್ಟುಕೊಂಡವರಿಗೆ ಸ್ಪಿನ್ನರ್ ಉಳಿಯುತ್ತೆ.

ಕೆರೆ ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರನ್ನೋ ಮೀನುಗಾರರ ಸಂಘವನ್ನೋ ಮೊದಲು ಕೇಳಿಕೊಳ್ಳಿ. ಗಾಳ ಒಂದೇ ಅಂದರೆ ಹೆಚ್ಚಿನವರು ಬೇಡ ಅನ್ನಲ್ಲ. ಇನ್ನು ಮಳೆಗಾಲದಲ್ಲಿ ನೀರ ಮೇಲೆ ಕೆಂಪು ಮರಿಗಳ ಗೊಂಚಲು ಒಟ್ಟಾಗಿ ಕುದಿಯುವಂತೆ ಕಂಡರೆ ಅದು ಕೊರವದ ಮರಿ, ಅಪ್ಪ-ಅಮ್ಮ ಕೆಳಗೇ ಕಾವಲಿರುತ್ತವೆ. ಅಲ್ಲಿ ಏನು ಎಸೆದರೂ ಸಿಟ್ಟಿಗೆ ಕಚ್ಚುತ್ತವೆ, ಆದರೆ ಅವನ್ನು ಎತ್ತಿದರೆ ಮರಿಗಳನ್ನು ಬೇರೆ ಮೀನುಗಳು ಸಂಜೆಯೊಳಗೆ ಮುಗಿಸುತ್ತವೆ. ಆ ಜಾಗ ಬಿಟ್ಟು ಮುಂದಿನ ಜೊಂಡಿಗೆ ಹೋಗಿ.