ಅಪ್ಪ-ಅಮ್ಮನ ಜೊತೆ ಕಾಮಕುರಾದ ಹಾಸೆದೆರಾದಲ್ಲಿ ಹೈಡ್ರೇಂಜಿಯಾ ನೋಡುವುದು ಹೇಗೆ?

ಜೂನ್‌ನಲ್ಲಿ ಟೋಕಿಯೊಗೆ ಬರುವ ಅಪ್ಪ-ಅಮ್ಮನನ್ನು ಒಂದು ದಿನ ಕಾಮಕುರಾ ಊರಿನ ಈ ಬೌದ್ಧ ದೇವಸ್ಥಾನಕ್ಕೆ ಕರೆದೊಯ್ಯಬಹುದೇ, ಅಮ್ಮನಿಗೆ ಮಂಡಿನೋವು ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಆದರೆ ಮ್ಯಾಪ್‌ನಲ್ಲಿ ಹುಷಾರು: ನಾರಾದಲ್ಲೂ ಒಂದು ಹಾಸೆದೆರಾ ಇದೆ, ಅದು ಏಪ್ರಿಲ್ ಕೊನೆಯ ಪಿಯೊನಿ ಹೂವಿಗೆ ಪ್ರಸಿದ್ಧ.

ಟೋಕಿಯೊ ಸ್ಟೇಷನ್‌ನಿಂದ ಯೊಕೊಸುಕಾ ಲೈನ್‌ನಲ್ಲಿ ಕಾಮಕುರಾಕ್ಕೆ ಸುಮಾರು ಒಂದು ಗಂಟೆ. ಅಲ್ಲಿ ಎನೊಡೆನ್ ಹತ್ತಿದರೆ ಮೂರನೆಯದು ಹಾಸೆ, ಇಳಿದು ಐದು ನಿಮಿಷದ ನಡಿಗೆ. ಎನೊಡೆನ್ ಪುಟ್ಟ ರೈಲು. ಜೂನ್‌ನ ಶನಿವಾರ-ಭಾನುವಾರ ಅದಕ್ಕೇ ದೊಡ್ಡ ಕ್ಯೂ. ವಾರದ ನಡುವೆ, ಬಾಗಿಲು ತೆರೆಯುವ ಎಂಟು ಗಂಟೆಗೇ ಅಲ್ಲಿರಿ.

ಹೆಚ್ಚಿನವರು ಎಡವುವುದು ಟಿಕೆಟ್‌ನಲ್ಲಿ. ಗೇಟ್‌ನಲ್ಲಿ ಕೊಡುವ ಪ್ರವೇಶ ಶುಲ್ಕ ದೇವಸ್ಥಾನಕ್ಕೆ ಮಾತ್ರ. ಗುಡ್ಡದ ಮೇಲಿನ ಹೈಡ್ರೇಂಜಿಯಾ ದಾರಿಗೆ ಸೀಸನ್‌ನಲ್ಲಿ ಸಮಯ ನಮೂದಿಸಿದ ಬೇರೆ ಟಿಕೆಟ್ ಬೇಕು. ತಡವಾಗಿ ಹೋದವರು ಒಳಗೆ ಬಂದೂ ಗಂಟೆಗಟ್ಟಲೆ ಕಾಯುತ್ತಾರೆ. ಆ ವರ್ಷದ ದರ, ಸಮಯವನ್ನು ದೇವಸ್ಥಾನದ ವೆಬ್‌ಸೈಟ್‌ನಲ್ಲೇ ನೋಡಿ.

ಆ ದಾರಿಯೆಲ್ಲ ಮೆಟ್ಟಿಲು, ಕಿರಿದು, ಮಳೆಯಲ್ಲಿ ಜಾರುತ್ತದೆ. ಹಿಂದೆ ಜನ ಇರುವಾಗ ಅರ್ಧಕ್ಕೇ ತಿರುಗಿ ಬರುವುದು ಕಷ್ಟ. ಅಮ್ಮನಿಗೆ ಆಗದಿದ್ದರೆ ಕೆಳಗಿನ ಕೊಳದ ತೋಟ ಸಮತಟ್ಟಾಗಿದೆ, ಅವರು ಅಲ್ಲೇ ಕೂತಿರಲಿ. ಕನ್ನೊನ್ (ಕರುಣೆಯ ಬೋಧಿಸತ್ವ) ಮಂದಿರಕ್ಕೆ ಮಾತ್ರ ಸ್ವಲ್ಪ ಮೆಟ್ಟಿಲಿದೆ, ನಿಧಾನವಾಗಿ ಹತ್ತಿಸಿ. ಹನ್ನೊಂದು ಮುಖದ ಮರದ ಮೂರ್ತಿ 9 ಮೀಟರ್‌ಗೂ ಎತ್ತರ, ಒಳಗೆ ಫೋಟೊ ತೆಗೆಯುವಂತಿಲ್ಲ. ಇದನ್ನೂ ನಾರಾದ ಮೂರ್ತಿಯನ್ನೂ ಒಂದೇ ಕರ್ಪೂರ ಮರದಿಂದ ಕೆತ್ತಿ, ಇದನ್ನು ಸಮುದ್ರಕ್ಕೆ ಬಿಟ್ಟರು, ತೇಲುತ್ತ ಈ ಕರಾವಳಿಗೆ ಬಂತು ಅಂತ ಐತಿಹ್ಯ. ಪಕ್ಕದ ಕಟ್ಟೆಯಿಂದ ಸಮುದ್ರವೂ ಕಾಣುತ್ತದೆ.

ಹೂವು ಸಾಮಾನ್ಯವಾಗಿ ಜೂನ್ ಮಧ್ಯದಲ್ಲಿ ಭರ್ತಿ. ಇಲ್ಲಿ 40ಕ್ಕೂ ಹೆಚ್ಚು ಬಗೆ ಇರುವುದರಿಂದ ಒಂದು ವಾರ ಹಿಂದೆ-ಮುಂದೆ ಆದರೂ ಏನಾದರೂ ಅರಳಿರುತ್ತದೆ. ಮಡಿಕೇರಿಯ ಅಂಗಳಗಳಲ್ಲಿ ನೋಡಿದ್ದೀರಲ್ಲ, ಅದೇ ಗಿಡ. ಬಣ್ಣದ ಗೊಂಚಲು ಎಸಳಲ್ಲ, ಪುಷ್ಪಪತ್ರ, ಅಂದರೆ ಸಾಮಾನ್ಯವಾಗಿ ಮೊಗ್ಗನ್ನು ಹೊದೆಯುವ ಹೊರಭಾಗ. ಹಾಗಾಗಿ ಬಹಳ ದಿನ ಉದುರದೆ ನಿಲ್ಲುತ್ತದೆ. ಮಣ್ಣು ಹುಳಿಯಿದ್ದು ಅಲ್ಯೂಮಿನಿಯಂ ಸಿಕ್ಕರೆ ನೀಲಿ, ಇಲ್ಲದಿದ್ದರೆ ಗುಲಾಬಿ. ತುಂತುರು ಮಳೆಯ ದಿನವೇ ನನಗೆ ಮೇಲು: ಬಿಸಿಲಿಗೆ ಗೊಂಚಲು ಬೇಗ ಬಾಡಿ ಜೋತುಬೀಳುತ್ತದೆ. ಒಂದೇ ನೀಲಿ ಬೇಕೆಂದರೆ ಕಿತಾ-ಕಾಮಕುರಾ ಸ್ಟೇಷನ್ ಹತ್ತಿರ ಮೇಗೆತ್ಸು-ಇನ್ ದೇವಸ್ಥಾನ ಇದೆ, ಆದರೆ ಎರಡನ್ನೂ ಒಂದೇ ದಿನಕ್ಕೆ ಇಟ್ಟು ಹಿರಿಯರನ್ನು ದಣಿಸಬೇಡಿ.

ಕೊಡೆಗಿಂತ ರೇನ್‌ಕೋಟ್ ಮೇಲು, ಆ ಕಿರುದಾರಿಯಲ್ಲಿ ಕೊಡೆ ಮುಂದಿನವರ ಕಣ್ಣಿಗೆ ಚುಚ್ಚುತ್ತದೆ. ಸಸ್ಯಾಹಾರಿಗಳಾದರೆ ಚಪಾತಿ-ಪಲ್ಯ ಕಟ್ಟಿಕೊಂಡು ಹೋಗಿ. ತರಕಾರಿ ಸೂಪಿನಲ್ಲೂ ಮೀನಿನ ಸಾರ ಇರುವುದು ಅಲ್ಲಿ ಮಾಮೂಲು. ಬಯಲಲ್ಲಿ ಡಬ್ಬಿ ಬಿಚ್ಚುವಾಗ ಹದ್ದಿನ ಮೇಲೆ ಕಣ್ಣಿರಲಿ, ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ.