ದಿನಕ್ಕೆ 647 ರೂಪಾಯಿಯ ಸಾಲ

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ನನ್ನದೊಂದು ಚಿಕ್ಕ ಬಟ್ಟೆ ಅಂಗಡಿ ಇದೆ. ದಿನಕ್ಕೆ ಸರಾಸರಿ 7,000 ರೂಪಾಯಿ ವ್ಯಾಪಾರ. ಬಾಡಿಗೆ, ಕೆಲಸದ ಹುಡುಗಿಯ ಸಂಬಳ, ಕರೆಂಟು ಸೇರಿ ದಿನಕ್ಕೆ 800 ರೂಪಾಯಿ ಖರ್ಚು. ದೀಪಾವಳಿಗೆ ಮಾಲು ತುಂಬಿಸಬೇಕು. ಕ್ಯೂಆರ್ ಕೋಡ್ ಕೊಟ್ಟ ಕಂಪನಿಯ ಆ್ಯಪ್‌ನಲ್ಲಿ 2 ಲಕ್ಷ ರೂಪಾಯಿ ಸಾಲ ಸಿಗುತ್ತದೆ ಎಂದು ಬಂದಿದೆ. ತಿಂಗಳಿಗೆ ಒಂದೂವರೆ ಪರ್ಸೆಂಟ್ ಬಡ್ಡಿ, ಒಂದು ವರ್ಷದ ಅವಧಿ, ದಿನಕ್ಕೆ 647 ರೂಪಾಯಿ ತಾನಾಗಿಯೇ ಕಡಿತ. ಬ್ಯಾಂಕಿಗೆ ಅಲೆಯುವುದಕ್ಕಿಂತ ಇದೇ ವಾಸಿಯಲ್ಲವೇ?

ಉತ್ತರ: ಅಲ್ಲ. ಊರಿನ ಹೆಸರು ಮತ್ತು ಅಂಗಡಿಯ ಬಗೆ ಬದಲಾಗಿ ಇದೇ ಪ್ರಶ್ನೆ ನನಗೆ ಪ್ರತಿ ತಿಂಗಳೂ ಬರುತ್ತದೆ. ಬರೆದವರಲ್ಲಿ ಹೆಚ್ಚಿನವರು ಆಗಲೇ ಒಪ್ಪಿಗೆಯ ಗುಂಡಿ ಒತ್ತಿರುತ್ತಾರೆ. ನೀವು ಇನ್ನೂ ಒತ್ತಿಲ್ಲ ಎಂದುಕೊಂಡು ವಿವರವಾಗಿ ಹೇಳುತ್ತೇನೆ.

ಮೊದಲು ಆ ಒಂದೂವರೆ ಪರ್ಸೆಂಟ್. ಅದನ್ನು ಪೂರ್ತಿ 2 ಲಕ್ಷಕ್ಕೆ ಹನ್ನೆರಡು ತಿಂಗಳೂ ಹಾಕಿದ್ದಾರೆ: 36,000 ರೂಪಾಯಿ ಬಡ್ಡಿ. ಆರು ತಿಂಗಳಾಗುವಷ್ಟರಲ್ಲಿ ಅರ್ಧದಷ್ಟು ಹಣವನ್ನು ನೀವು ಮರಳಿಸಿರುತ್ತೀರಿ, ಬಡ್ಡಿ ಮಾತ್ರ 2 ಲಕ್ಷದ ಮೇಲೆಯೇ ಓಡುತ್ತಿರುತ್ತದೆ. ಪ್ರೊಸೆಸಿಂಗ್ ಶುಲ್ಕ 2 ಪರ್ಸೆಂಟ್ ಎಂದಿಟ್ಟುಕೊಂಡರೆ ಅದರ ಮೇಲಿನ ಜಿಎಸ್‌ಟಿ ಸೇರಿ 4,720 ರೂಪಾಯಿ ಮುಂಚೆಯೇ ಮುರಿದುಕೊಳ್ಳುತ್ತಾರೆ. ನಿಮ್ಮ ಕೈಗೆ ಬರುವುದು 1,95,280, ನೀವು ಕಟ್ಟುವುದು 2,36,000. ದಿನದಿನವೂ ಅಸಲು ಕರಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನಿಜವಾದ ಬಡ್ಡಿ ವರ್ಷಕ್ಕೆ ಸುಮಾರು 39 ಪರ್ಸೆಂಟ್. ಹದಿನೆಂಟಲ್ಲ. ಜೊತೆಗೆ ವಿಮೆಯನ್ನೂ ಅಂಟಿಸಿದ್ದರೆ ಇನ್ನೂ ಮೇಲೆ ಹೋಗುತ್ತದೆ.

ಈ ಲೆಕ್ಕ ನಿಮಗೆ ಬರಬೇಕಾಗಿಲ್ಲ, ಕೊಡಬೇಕಾದವರು ಅವರು. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಪತ್ರವನ್ನು, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ, ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅದರಲ್ಲಿ ಎಪಿಆರ್ ಎಂಬ ಸಾಲು ಇರುತ್ತದೆ. ಬಡ್ಡಿ, ಶುಲ್ಕ ಎಲ್ಲ ಸೇರಿದ ವಾರ್ಷಿಕ ದರ ಅದು. ಬೇರೆ ಯಾವ ಸಂಖ್ಯೆಯನ್ನೂ ನೋಡಬೇಡಿ, ಅದನ್ನು ನೋಡಿ. ಆ ಪತ್ರ ಕೈಸೇರಿದ ಮೇಲೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳ ಅವಕಾಶವೂ ಇದೆ. ‘ಈ ಆಫರ್ ಇವತ್ತು ರಾತ್ರಿಗೆ ಮುಗಿಯುತ್ತದೆ’ ಎನ್ನುವವರ ಮಾತಿಗೆ ಬೆಲೆ ಕೊಡಬೇಡಿ.

ಆದರೆ ನನಗೆ ದರಕ್ಕಿಂತ ದೊಡ್ಡ ಭಯ ಬೇರೆ ಇದೆ. ಬಟ್ಟೆಯಲ್ಲಿ 20 ಪರ್ಸೆಂಟ್ ಲಾಭ ಹಿಡಿದರೆ 7,000ಕ್ಕೆ 1,400 ರೂಪಾಯಿ. ಖರ್ಚು 800 ಹೋದರೆ ಉಳಿಯುವುದು 600. ಕಂತು 647. ಮನೆಗೆ ಅಕ್ಕಿ ತರುವ ಮೊದಲೇ 47 ರೂಪಾಯಿ ಕಡಿಮೆ ಬಿತ್ತು. ಹಬ್ಬದ ಮಾಲು ಮಾರಿದ ಹಣ ಬರುವುದಿಲ್ಲವೇ ಎಂದು ಕೇಳುತ್ತೀರಿ. ಬರುತ್ತದೆ, ಆದರೆ ಹಬ್ಬದ ಹಿಂದಿನ ಕೆಲವು ವಾರಗಳಲ್ಲಿ. ಕಡಿತವಾದರೋ ಸಾಲ ಬಂದ ಕೂಡಲೇ ಶುರು. ಹಬ್ಬ ಮುಗಿದ ಮೇಲೂ ತಿಂಗಳುಗಟ್ಟಲೆ ಅದು ನಿಲ್ಲುವುದಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಗಿರಾಕಿಯಿಲ್ಲ, ಆಗಲೂ ದಿನಕ್ಕೆ 647. ಆ ದಿನಗಳಲ್ಲಿ ನೀವು ಕಟ್ಟುವುದು ಲಾಭದಿಂದಲ್ಲ, ಮಾಲಿನ ದುಡ್ಡಿನಿಂದ. ಕಪಾಟು ಖಾಲಿಯಾಗುತ್ತಾ ಹೋಗುತ್ತದೆ, ಅದನ್ನು ತುಂಬಲು ಎರಡನೆಯ ಸಾಲ ಬರುತ್ತದೆ. ಮೂವತ್ತು ವರ್ಷ ಬ್ಯಾಂಕಿನ ಶಾಖೆಗಳಲ್ಲಿ ಸಾಲದ ಮೇಜಿನ ಹಿಂದೆ ಕುಳಿತವನು ನಾನು. ಗಿರಾಕಿಯಿಲ್ಲದೆ ಮುಚ್ಚಿದ ಅಂಗಡಿಗಳಿಗಿಂತ ಹೀಗೆ ಕಂತಿಗೆ ಕರಗಿ ಮುಚ್ಚಿದ ಅಂಗಡಿಗಳನ್ನೇ ಹೆಚ್ಚು ಕಂಡಿದ್ದೇನೆ. ಕಂತೆಲ್ಲ ಸೇರಿ ಖರ್ಚು ಕಳೆದುಳಿದ ಲಾಭದ ಮೂರನೆಯ ಒಂದು ಭಾಗ ದಾಟಬಾರದು ಎಂದು ನಾನು ಹೇಳುತ್ತೇನೆ. ಇದು ಯಾವ ಬ್ಯಾಂಕಿನ ನಿಯಮವೂ ಅಲ್ಲ, ನನ್ನ ಎಚ್ಚರಿಕೆ. ವಿಪರೀತ ಎನಿಸಿದರೂ ನಾನು ಅದನ್ನು ಸಡಿಲಿಸುವುದಿಲ್ಲ.

ನಿಮಗೆ ಬೇಕಾಗಿರುವುದು ಸಾಲದ ಮೊತ್ತವಲ್ಲ, ಮಿತಿ. ಹಬ್ಬಕ್ಕೆ ಮುಂಚೆ ತೆಗೆದು, ಮಾರಿದಂತೆ ಮರಳಿ ತುಂಬುವ ಓವರ್‌ಡ್ರಾಫ್ಟ್ ಅಥವಾ ಕ್ಯಾಶ್ ಕ್ರೆಡಿಟ್. ಬಳಸಿದ ಹಣಕ್ಕೆ, ಬಳಸಿದ ದಿನಕ್ಕೆ ಮಾತ್ರ ಬಡ್ಡಿ. 12 ಪರ್ಸೆಂಟ್ ದರದಲ್ಲಿ 2 ಲಕ್ಷವನ್ನು ಎರಡು ತಿಂಗಳು ಬಳಸಿದರೆ ಬಡ್ಡಿ ಸುಮಾರು 4,000 ರೂಪಾಯಿ. ಆ್ಯಪ್‌ನ ಸಾಲಕ್ಕೆ ನೀವು ತೆರುವುದು ಶುಲ್ಕ ಸೇರಿ 40,720. ಹೌದು, ಬ್ಯಾಂಕಿನಲ್ಲೂ ಶುಲ್ಕವಿದೆ, ಪ್ರತಿ ವರ್ಷ ನವೀಕರಣವಿದೆ, ಅಂಗಡಿಯಲ್ಲಿರುವ ಮಾಲಿನ ಲೆಕ್ಕ, ಅಂದರೆ ಸ್ಟಾಕ್ ಸ್ಟೇಟ್‌ಮೆಂಟ್, ಬರೆದುಕೊಡಬೇಕು, ಮಂಜೂರಾತಿಗೆ ವಾರಗಳು ಹಿಡಿಯುತ್ತವೆ. ಆದ್ದರಿಂದ ದೀಪಾವಳಿಯ ಸಾಲಕ್ಕೆ ಶ್ರಾವಣದಲ್ಲೇ ಅರ್ಜಿ ಹಾಕಬೇಕು, ನವರಾತ್ರಿಯಲ್ಲಿ ಅಲ್ಲ.

ವರ್ಷದ ವಹಿವಾಟಿನ 20 ಪರ್ಸೆಂಟ್‌ನಷ್ಟು ದುಡಿಯುವ ಬಂಡವಾಳ ಕೊಡುವುದು ಸಣ್ಣ ಉದ್ಯಮಗಳ ವಿಷಯದಲ್ಲಿ ಬ್ಯಾಂಕುಗಳ ರೂಢಿಯ ಲೆಕ್ಕ. ನಿಮ್ಮ ವಹಿವಾಟು ವರ್ಷಕ್ಕೆ ಸುಮಾರು 25 ಲಕ್ಷ, ಅಂದರೆ 2 ಲಕ್ಷ ಕೇಳುವುದು ದುರಾಸೆಯಲ್ಲ. ಮನೆ ಪತ್ರ ತನ್ನಿ ಎಂದರೆ ಒಪ್ಪಬೇಡಿ. ಸಣ್ಣ ಉದ್ಯಮಗಳಿಗೆ ಕನಿಷ್ಠ 10 ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ಆದೇಶವಿದೆ, 2021ರ ಜುಲೈಯಿಂದ ಚಿಲ್ಲರೆ ವ್ಯಾಪಾರಿಗಳನ್ನೂ ಆದ್ಯತಾ ವಲಯದ (ಬ್ಯಾಂಕುಗಳು ತಮ್ಮ ಸಾಲದ ಒಂದು ಪಾಲನ್ನು ಕೊಡಲೇಬೇಕಾದ ವಲಯದ) ಸಾಲದ ಮಟ್ಟಿಗೆ ಈ ಗುಂಪಿಗೆ ಸೇರಿಸಲಾಗಿದೆ. ಸಣ್ಣ ಉದ್ಯಮವೆಂದು ಸರ್ಕಾರದ ಜಾಲತಾಣದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಮಾಡಿಸಿಕೊಂಡು ಹೋಗಿ. ಅದು ಉಚಿತ, ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಬಾಯಿಮಾತಿನ ‘ಆಗುವುದಿಲ್ಲ’ಕ್ಕೆ ಎದ್ದು ಬರಬೇಡಿ.

ಪ್ರಶ್ನೆ: ಮುದ್ರಾದಲ್ಲಿ 10 ಲಕ್ಷ ಕೊಡಿಸುತ್ತೇನೆಂದು ಒಬ್ಬರು 3,500 ರೂಪಾಯಿ ಕೇಳುತ್ತಿದ್ದಾರೆ. ಕೊಡಬಹುದೇ?

ಕೊಡಬೇಡಿ. ಸಣ್ಣ ಉದ್ಯಮಗಳಿಗೆ ಸಾಲ ಕೊಡಲು ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಈ ಯೋಜನೆಗೆ ದಲ್ಲಾಳಿಗಳಿಲ್ಲ, ಅದರಲ್ಲಿ ಸಬ್ಸಿಡಿಯೂ ಇಲ್ಲ.

ಪ್ರಶ್ನೆ: ತೆರಿಗೆ ನೋಟಿಸಿನ ಭಯಕ್ಕೆ ಯುಪಿಐ ಫಲಕ ತೆಗೆದುಹಾಕಿದ್ದೇನೆ. ಸರಿ ತಾನೇ?

ತಪ್ಪು ಮಾಡಿದ್ದೀರಿ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಬೆಂಗಳೂರಿನ ಬೀದಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿಗಳು ಎದ್ದವು. ಆ ಗಾಬರಿ ನನಗೆ ಅರ್ಥವಾಗುತ್ತದೆ, ಆದರೆ ಜಿಎಸ್‌ಟಿ ನೋಂದಣಿಯ ಮಿತಿ ಇರುವುದು ವರ್ಷದ ವಹಿವಾಟಿಗೆ, ಯುಪಿಐಗಲ್ಲ: ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ, ನಗದೂ ಸೇರಿ. ಮಾರುವುದೆಲ್ಲ ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕಾದರೆ ನೋಂದಣಿಯೇ ಬೇಡ. ಮಿತಿ ದಾಟಿದ ವ್ಯಾಪಾರಿಗೆ 1.5 ಕೋಟಿಯವರೆಗೆ ವಹಿವಾಟಿನ 1 ಪರ್ಸೆಂಟ್ ತೆರಿಗೆ ಕಟ್ಟುವ ಸರಳ ‘ಕಾಂಪೊಸಿಷನ್’ ಯೋಜನೆ ಇದೆ. ಫಲಕ ತೆಗೆದು ನೀವು ಅಳಿಸಿದ್ದು ನಿಮ್ಮದೇ ಸಾಕ್ಷಿಯನ್ನು. ನಾಳೆ ಸಾಲಕ್ಕೆ ಹೋದಾಗ ಮ್ಯಾನೇಜರ್ ಮೊದಲು ನೋಡುವುದು ಖಾತೆಗೆ ಬಂದ ಹಣವನ್ನೇ. ಇವತ್ತೇ ಮತ್ತೆ ಅಂಟಿಸಿ.

ಪ್ರಶ್ನೆ: ಸಿಬಿಲ್ ಸ್ಕೋರ್ ಏರಿಸಿಕೊಡುವವರು 15,000 ಕೇಳುತ್ತಾರೆ.

ಹಳೆಯ ಬಾಕಿ ತೀರಿಸಲು ಆ 15,000 ಬಳಸಿ. ಸ್ಕೋರ್ ಎಂದರೆ ನೀವು ಸಾಲ ತೀರಿಸಿದ ರೀತಿಗೆ ಸಿಗುವ ಅಂಕ, ಅದು ಏರುವುದು ಹಾಗೆ.

ಪ್ರಶ್ನೆ: ಗಾರ್ಮೆಂಟ್ ಕಂಪನಿಗೆ ಹೊಲಿಗೆ ಮಾಡಿಕೊಡುತ್ತೇನೆ. ನಾಲ್ಕು ತಿಂಗಳಿಂದ ಹಣ ಬಂದಿಲ್ಲ. ಸಾಲ ಮಾಡಲೇ?

ಬೇಡ, ನಿಮ್ಮ ಹಣವನ್ನೇ ಕೇಳಿ. 2006ರ ಸಣ್ಣ ಉದ್ಯಮಗಳ (ಎಂಎಸ್‌ಎಂಇ) ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಮಾಲು ಒಪ್ಪಿಸುವ ಮುಂಚೆಯೇ ಉದ್ಯಮ್ ನೋಂದಣಿ ಆಗಿದ್ದರೆ ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಿ. ಮುಂದೆ ಕೆಲಸ ಸಿಗಲಿಕ್ಕಿಲ್ಲ ಎಂಬ ಅಂಜಿಕೆಯನ್ನು ಬಲ್ಲೆ. ಅದಕ್ಕೇ ಮೊದಲು ಕಾಯ್ದೆಯನ್ನು ಉಲ್ಲೇಖಿಸಿ ಒಂದು ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಲೆಕ್ಕಪತ್ರ ವಿಭಾಗದವರು ಅದನ್ನು ಓದುತ್ತಾರೆ, ಏಕೆಂದರೆ ಬಾಕಿ ಉಳಿಸಿಕೊಂಡ ಮೊತ್ತವನ್ನು ಆ ವರ್ಷದ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವ ಅವಕಾಶ ಅವರಿಗೆ ತಪ್ಪುತ್ತದೆ.

ಪ್ರಶ್ನೆ: ದಿನಕ್ಕೆ 100 ರೂಪಾಯಿಯಂತೆ 100 ದಿನ ಕಟ್ಟುವ ಸಾಲ. 9,000 ಕೈಗೆ ಬರುತ್ತದೆ. ಹತ್ತೇ ಪರ್ಸೆಂಟ್ ಅಲ್ಲವೇ?

ವರ್ಷಕ್ಕೆ ಸುಮಾರು 78. ಬೀದಿ ವ್ಯಾಪಾರಿಯಾಗಿದ್ದರೆ ಕೇಂದ್ರದ ಪಿಎಂ ಸ್ವನಿಧಿ ಸಾಲ ಯೋಜನೆಗೆ ನಾಳೆಯೇ ನಗರಸಭೆಯಲ್ಲಿ ವಿಚಾರಿಸಿ.